ವಾಗ್ದಾನದ ಭೂಮಿಗೂ ಬೆಲೆಯುಂಟು

ಕಾರವಾರದಿಂದ ಅಂಕೋಲಾದತ್ತ ಹೊರಟವರಿಗೆ ಬಿಣಗಾ ದಾಟಿದ ಮೇಲೆ ಕಡಲಿನ ಬದಿಯಲ್ಲಿ ನೌಕಾನೆಲೆಯ ಗೋಡೆ ಕಾಣಿಸತೊಡಗುತ್ತದೆ. ಅದರಾಚೆ ಒಂದು ಕಾಲಕ್ಕೆ ಗದ್ದೆಗಳು, ತೆಂಗಿನ ತೋಟಗಳು, ಮೀನುಗಾರರ ಕೇರಿಗಳಿದ್ದವು. ಅಲ್ಲಿಂದ ಎದ್ದುಬಂದವರಲ್ಲಿ ಹಲವರು ಇಂದು ತೋಡೂರು, ಚಿತ್ತಾಕುಲ ಮೊದಲಾದೆಡೆಯ ಪುನರ್ವಸತಿ ಕಾಲೊನಿಗಳಲ್ಲಿ ನೆಲೆಸಿದ್ದಾರೆ. ಈ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಬೈಬಲಿನ ಹಳೆಯ ಒಡಂಬಡಿಕೆಯ ‘ವಾಗ್ದತ್ತ ಭೂಮಿ’ಯ ಕಲ್ಪನೆ ನೆನಪಾಗುತ್ತದೆ. ಭೂಮಿಯ ವಿಷಯದಲ್ಲಿ ಕೊಟ್ಟ ಮಾತೆಂದರೇನು, ಅದಕ್ಕೆ ಬೆಲೆ ತೆರಬೇಕಾದವರು ಯಾರು ಎಂಬ ಪ್ರಶ್ನೆ ಜೆರುಸಲೇಮಿಗೆ ಸೇರಿದಷ್ಟೇ ನಮ್ಮ ಅರ್ಗಾಕ್ಕೂ ಸೇರಿದ್ದು.

ಅಬ್ರಹಾಮನ ಸಂತತಿಗೆ ಕಾನಾನ್ ದೇಶವನ್ನು ಕೊಡುವುದಾಗಿ ದೇವರು ಮಾತು ಕೊಟ್ಟನೆಂಬುದು ಆದಿಕಾಂಡದ ಕಥನ. ಯೆಹೂದ್ಯರ ಪಾಲಿಗೆ ಇದು ಸಹಸ್ರಾರು ವರ್ಷಗಳ ಚದುರಿದ ಬಾಳಿನಲ್ಲಿ ಕೈಬಿಡದ ಭರವಸೆ. ಆದರೆ ಅದೇ ಗ್ರಂಥದ 23ನೆಯ ಅಧ್ಯಾಯವನ್ನು ಕಡಿಮೆ ಜನ ಗಮನಿಸುತ್ತಾರೆ. ಹೆಂಡತಿ ಸಾರಳು ತೀರಿಕೊಂಡಾಗ ಆಕೆಯನ್ನು ಹೂಳಲು ಅಬ್ರಹಾಮನಿಗೆ ಸ್ವಂತದ ನೆಲವಿರಲಿಲ್ಲ. ಹಿತ್ತಿಯ ಜನಾಂಗದ ಎಫ್ರೋನನು ಹೆಬ್ರೋನಿನ ಬಳಿಯ ಮಕ್ಪೇಲದ ಹೊಲವನ್ನು ಉಚಿತವಾಗಿ ಕೊಡುವೆನೆಂದರೂ ಅವನು ಒಪ್ಪಲಿಲ್ಲ. ಊರ ಬಾಗಿಲಲ್ಲಿ ಸಾಕ್ಷಿಗಳ ಸಮ್ಮುಖದಲ್ಲಿ 400 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು ಕೊಂಡುಕೊಂಡ. ಇಡೀ ದೇಶವೇ ತನಗೆ ವಾಗ್ದಾನವಾಗಿದೆಯೆಂದು ಅವನು ನೆರೆಯವನ ಹಕ್ಕನ್ನು ಅಲ್ಲಗಳೆಯಲಿಲ್ಲ.

ಪ್ರವಾದಿ ಯೆರೆಮೀಯನ ಪ್ರಸಂಗವಂತೂ ಕಡತಗಳ ನಡುವೆ ಬದುಕು ಸವೆಸಿದ ನನ್ನಂಥವನಿಗೆ ಇನ್ನಷ್ಟು ಆಪ್ತವಾದುದು. ಕ್ರಿ.ಪೂ. 587ರ ಆಸುಪಾಸಿನಲ್ಲಿ ಬಾಬಿಲೋನಿನ ಸೇನೆ ಜೆರುಸಲೇಮನ್ನು ಮುತ್ತಿತ್ತು. ನಾಡು ಕೈತಪ್ಪುವುದು ಖಚಿತವೆಂದು ನುಡಿದ ಯೆರೆಮೀಯನೇ ಸೆರೆಯಲ್ಲಿದ್ದ. ಅಂಥ ಹೊತ್ತಿನಲ್ಲಿ ಅವನು ಅನಾತೋತಿನಲ್ಲಿದ್ದ ದಾಯಾದಿಯ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡ. ಕ್ರಯಪತ್ರಕ್ಕೆ ಸಾಕ್ಷಿಗಳ ಸಹಿಯಾಯಿತು. ಮುದ್ರೆ ಹಾಕಿದ ಪ್ರತಿ, ತೆರೆದ ಪ್ರತಿ ಎರಡನ್ನೂ ಬಹುಕಾಲ ಕೆಡದಂತೆ ಮಣ್ಣಿನ ಪಾತ್ರೆಯಲ್ಲಿಡುವಂತೆ ಲಿಪಿಕಾರ ಬಾರೂಕನಿಗೆ ಹೇಳಿದ. ಈ ನಾಡಿನಲ್ಲಿ ಮತ್ತೆ ಹೊಲಮನೆಗಳ ಕ್ರಯವಿಕ್ರಯ ನಡೆಯುವುದೆಂಬ ಪ್ರವಾದನೆಗೆ ಸಿಕ್ಕ ಸಾಕ್ಷ್ಯ ಒಂದು ನೋಂದಣಿ ಪತ್ರ! ವಾಗ್ದಾನವನ್ನು ನಂಬಿದವನು ಬೆಲೆ ತೆತ್ತ, ದಾಖಲೆ ಉಳಿಸಿದ.

ನೆಲ ಕಳೆದುಕೊಂಡು ಮರಳಿ ಪಡೆಯುವ ಅನುಭವ ಅಂಕೋಲಾಕ್ಕೆ ಹೊಸದಲ್ಲ. 1930ರ ಉಪ್ಪಿನ ಸತ್ಯಾಗ್ರಹದ ಬೆನ್ನಿಗೇ ಇಲ್ಲಿ ನಡೆದ ಕರನಿರಾಕರಣೆಯಲ್ಲಿ ರೈತರ ಜಮೀನುಗಳನ್ನು ಬ್ರಿಟಿಷ್ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಅವು ಮರಳಬೇಕಾದರೆ 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬರಬೇಕಾಯಿತು. ಮುಂದೆ 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆ, ಏಳನೇ ನಮೂನೆಯ ಅರ್ಜಿ ಸಲ್ಲಿಸಿದ ಗೇಣಿದಾರನನ್ನು ಒಡೆಯನನ್ನಾಗಿಸಿತು. ಈ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರ ನೇತೃತ್ವದ ರೈತ ಚಳವಳಿ ಅದಕ್ಕೆ ಬಹಳ ಹಿಂದೆಯೇ ನೆಲ ಹದಗೊಳಿಸಿತ್ತು.

ಆ ನಂತರ ಬಂದದ್ದು ಸೀಬರ್ಡ್. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟರು. 2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಸುಮಾರು 11 ಸಾವಿರ ಎಕರೆ ವಿಸ್ತಾರದ ಈ ಯೋಜನೆಗಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲೆ ಬಿಟ್ಟವು. ಗೇಣಿ ಜಮೀನಿಗೆ ಒಡೆಯರಾಗಿ ಹೆಚ್ಚೆಂದರೆ ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಕೆಲವರ ಕೈಗೆ ಭೂಸ್ವಾಧೀನದ ನೋಟಿಸು ಬಂತು.

ಬೈಬಲಿನಲ್ಲಿ ಅಹಾಬ ರಾಜ, ಅರಮನೆಯ ಪಕ್ಕದ ನಾಬೋತನ ದ್ರಾಕ್ಷಿತೋಟವನ್ನು ತರಕಾರಿ ತೋಟಕ್ಕೆಂದು ಬಯಸಿದ. ಬದಲಿ ತೋಟ ಅಥವಾ ಹಣ ಕೊಡುವೆನೆಂದ. ಪಿತ್ರಾರ್ಜಿತವನ್ನು ಕೊಡಲೊಲ್ಲದ ನಾಬೋತ ಸುಳ್ಳು ಆರೋಪಕ್ಕೆ ಬಲಿಯಾದ. ಅದನ್ನು ಖಂಡಿಸಿ ಪ್ರವಾದಿ ಎಲೀಯ ರಾಜನೆದುರು ನಿಂತ. ದೇಶದ ರಕ್ಷಣೆಯೆಂಬುದು ತರಕಾರಿ ತೋಟವಲ್ಲ. ಪಶ್ಚಿಮ ಕರಾವಳಿಗೆ ನೌಕಾನೆಲೆ ಬೇಕಿತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ, ಇಲ್ಲಿನ ಜನರೂ ರಾಜ್ಯಾಡಳಿತವನ್ನು ಶತ್ರುವೆಂದು ಬಗೆದವರಲ್ಲ. ಆದರೆ ಉದ್ದೇಶ ದೊಡ್ಡದಾದಷ್ಟೂ ಬೆಲೆಯನ್ನು ಪೂರ್ತಿ ಮತ್ತು ಕಾಲಕ್ಕೆ ಸರಿಯಾಗಿ ತೆರಬೇಕಾದ ಹೊಣೆಯೂ ದೊಡ್ಡದಾಗುತ್ತದೆ. 1894ರ ಕಾಯ್ದೆಯಡಿ ಪರಿಹಾರ ಸಾಲದೆಂದು ನ್ಯಾಯಾಲಯಕ್ಕೆ ಹೋದವರ, ನೆರೆಯವನಿಗೆ ನ್ಯಾಯಾಲಯ ಹೆಚ್ಚಿಸಿದ ದರ ತಮಗೂ ಸಿಗಲೆಂದು 28ಎ ಕಲಮಿನಡಿ ಅರ್ಜಿ ಹಾಕಿದವರ ಪ್ರಕರಣಗಳು ದಶಕಗಟ್ಟಲೆ ಎಳೆದವು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ತಿಳಿದಂತೆ, ಇಪ್ಪತ್ತು ವರ್ಷ ತಡವಾಗಿ ಬಂದ ರೂಪಾಯಿ ಅದೇ ರೂಪಾಯಿಯಲ್ಲ. ಬಡ್ಡಿ ಸೇರಿಸಬಹುದು, ಅಷ್ಟರಲ್ಲಿ ಹೊಲ ಕೊಳ್ಳುವ ವಯಸ್ಸು ಮೀರಿರುತ್ತದೆ.

ಇನ್ನೂ ಒಂದು ಮಾತುಂಟು. ಪಹಣಿಯಲ್ಲಿ ಕಡಲಿಗೆ ಕಾಲಂ ಇಲ್ಲ. ರಂಪಣಿ ಬಲೆ ಎಳೆಯುವವನಿಗೆ ತೆರೆದ ಮರಳು ದಂಡೆಯೇ ಹೊಲ. ಅದನ್ನು ಗುಂಟೆ ಲೆಕ್ಕದಲ್ಲಿ ಅಳೆಯಲಾಗದು. ಇನ್ನೊಬ್ಬರ ಗದ್ದೆಯಲ್ಲಿ ದುಡಿದು ಬದುಕಿದವರ ಬಳಿಯಂತೂ ತೋರಿಸಲು ಕಾಗದವೇ ಇರುವುದಿಲ್ಲ. ಪ್ರವಾದಿ ಯೆಹೆಜ್ಕೇಲನು ಸೆರೆಯಿಂದ ಮರಳುವವರಿಗೆ ನಾಡನ್ನು ಹಂಚುವ ಬಗೆಯನ್ನು ಹೇಳುವಾಗ, ಅವರ ನಡುವೆ ನೆಲೆಸಿ ಮಕ್ಕಳನ್ನು ಪಡೆದ ಪರದೇಶಿಗಳಿಗೂ ಸ್ವದೇಶದವರಂತೆಯೇ ಪಾಲು ಕೊಡಬೇಕೆಂದು ವಿಧಿಸಿದ.

ಆ ವಿಧಿಯನ್ನು ಪ್ರವಾದನೆಯ ನಾಡೇ ಪಾಲಿಸಲಾಗಲಿಲ್ಲ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದಾಗ ಶತಮಾನಗಳ ಹಿಂಸೆ ಉಂಡ ಜನಕ್ಕೊಂದು ನೆಲೆ ಸಿಕ್ಕಿತು. ಆಗಿನ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ನೆಲೆ ಕಳೆದುಕೊಂಡರು. ಅಬ್ರಹಾಮ ಬೆಲೆ ಕೊಟ್ಟು ಕೊಂಡ ಹೆಬ್ರೋನಿನ ಆ ಸಮಾಧಿಸ್ಥಳವೇ ಇಂದು ಕಾವಲಿನ ನಡುವೆ ಇಬ್ಭಾಗವಾಗಿದೆ. ವಾಗ್ದಾನದ ಮೊದಲರ್ಧವನ್ನಷ್ಟೇ ಓದಿದರೆ ಆಗುವುದು ಹೀಗೆ.

ಅಲಗೇರಿ ಬಳಿ ವಿಮಾನ ನಿಲ್ದಾಣಕ್ಕೆ, ಕೇಣಿಯಲ್ಲಿ ಬಂದರಿಗೆ ಎಂದು ಅಂಕೋಲಾದಲ್ಲಿ ನೆಲ ಹಾಗೂ ಕಡಲಿನ ಪ್ರಶ್ನೆ ಮತ್ತೆ ಎದ್ದಿದೆ. 2014ರ ಜನವರಿಯಿಂದ ಜಾರಿಯಲ್ಲಿರುವ ಭೂಸ್ವಾಧೀನ ಕಾಯ್ದೆ, ಜಮೀನಿಲ್ಲದೆ ಜೀವನೋಪಾಯ ಕಳೆದುಕೊಳ್ಳುವವರನ್ನೂ ಬಾಧಿತರೆಂದು ಗುರುತಿಸುತ್ತದೆ. ಸ್ವಾಧೀನಕ್ಕೆ ಮೊದಲೇ ಅವರ ಪಟ್ಟಿ ಊರವರ ಎದುರಿನಲ್ಲಿ ಸಿದ್ಧವಾಗಲಿ, ಹಣ ಕೈಸೇರಲಿ, ಕೊಟ್ಟ ಮಾತು ಬರಹದಲ್ಲಿರಲಿ. ಮುತ್ತಿಗೆಯ ನಡುವೆ ಸೆರೆಯಲ್ಲಿದ್ದವನಿಗೆ ಒಂದು ಕ್ರಯಪತ್ರವನ್ನು ಜೋಪಾನವಾಗಿಡಲು ಸಾಧ್ಯವಾಗಿತ್ತು. ಶಾಂತಿಕಾಲದಲ್ಲಿ, ಎಲ್ಲ ಸೌಕರ್ಯಗಳುಳ್ಳ ಸರ್ಕಾರಕ್ಕೆ ಅದು ಅಸಾಧ್ಯವೆಂದು ಯಾರೂ ಹೇಳಲಾರರು.