ಹಳೆಯ ಲಾರಿಯನ್ನು ಕೊಂಡು ನೀರಿನ ಗಾಡಿಯಾಗಿ ಮಾರ್ಪಡಿಸುವ ವಿಚಾರ

2023ನೆಯ ಇಸವಿಯಲ್ಲಿ ಮುಂಗಾರು ಮಳೆಯು ಕೈಕೊಟ್ಟ ಕಾರಣ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಸರ್ಕಾರದಿಂದ ಸಾರಲ್ಪಟ್ಟ ಸಂಗತಿಯು ಎಲ್ಲರಿಗೂ ತಿಳಿದೇ ಇದೆ. ಮರುವರ್ಷದ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ತೆಂಗು ಅಡಕೆಗಳ ತೋಟವುಳ್ಳ ಅನೇಕರು ಬಾಡಿಗೆಯ ಗಾಡಿಗಳಿಂದ ನೀರನ್ನು ತರಿಸಬೇಕಾಯಿತು. ಅಂತಹ ಕಷ್ಟವನ್ನು ಕಂಡವರಿಗೆ, ಅಗ್ಗದಲ್ಲಿ ಸಿಕ್ಕುವ ಆರು ಗಾಲಿಯ ಹಳೆಯ ಲಾರಿಯೊಂದನ್ನು ಕೊಂಡು, ಅದರ ಮೇಲೆ ತೊಟ್ಟಿಯನ್ನು ಕೂರಿಸಿ ಸ್ವಂತಕ್ಕೆ ಇಟ್ಟುಕೊಳ್ಳಬೇಕೆಂಬ ಆಲೋಚನೆಯು ಬರುವುದು ಸಹಜ. ಆಲೋಚನೆಯು ತಪ್ಪಲ್ಲ. ಆದರೆ ಬೆಲೆಯನ್ನು ಕುದುರಿಸುವುದಕ್ಕೆ ಮೊದಲು ಭಾರದ ಲೆಕ್ಕವನ್ನು ಹಾಕದೆ ಇರುವವರು ಹಣವನ್ನು ಮಾತ್ರವಲ್ಲ, ಕೆಲವೊಮ್ಮೆ ಚಾಲಕನ ಪ್ರಾಣವನ್ನೂ ಪಣಕ್ಕೆ ಒಡ್ಡಿದಂತಾಗುವುದು.

ಲೆಕ್ಕವು ಕಷ್ಟದ್ದೇನೂ ಅಲ್ಲ. ಒಂದು ಲೀಟರು ನೀರು ಒಂದು ಕಿಲೋಗ್ರಾಂ ತೂಗುತ್ತದೆ. ಲಾರಿಯ ನೋಂದಣಿ ಪುಸ್ತಕದಲ್ಲಿ ಒಟ್ಟು ಭಾರವು 16,200 ಕಿಲೋಗ್ರಾಂ ಎಂದು ಬರೆದಿದೆಯೆಂದು ಭಾವಿಸೋಣ. ಸರಕಿನ ಪೆಟ್ಟಿಗೆಯನ್ನು ಕಳಚಿ, ಚಾಲಕನೂ ಡೀಸೆಲ್ಲೂ ಸಹಿತವಾಗಿ ಗಾಡಿಯನ್ನು ತೂಗಿಸಿದಾಗ 5,000 ಕಿಲೋಗ್ರಾಂ ಆಯಿತು. ತೊಟ್ಟಿ, ಅದರ ಚೌಕಟ್ಟು ಮತ್ತು ಪಂಪು ಸೇರಿ 1,800 ಆಯಿತು. ಉಳಿಯುವುದು 9,400. ಅಂದರೆ ಆ ಗಾಡಿಗೆ 9,400 ಲೀಟರಿಗಿಂತ ದೊಡ್ಡ ತೊಟ್ಟಿಯು ಸಲ್ಲದು. ಹೇಗೂ ಖರ್ಚು ಮಾಡುತ್ತೇವಲ್ಲಾ ಎಂದು 12,000 ಲೀಟರಿನದನ್ನೇ ಕೂರಿಸಿದರೆ, ತುಂಬಿದ ಪ್ರತಿಸಲವೂ ಇಪ್ಪತ್ತಾರು ಕ್ವಿಂಟಾಲು ಹೆಚ್ಚಿನ ಭಾರವು ಹಳೆಯ ಬ್ರೇಕಿನ ಮೇಲೂ ಪಟ್ಟಾಗಳ ಮೇಲೂ ಬೀಳುವುದು.

ಇಷ್ಟು ನೀರಿನಿಂದ ತೋಟಕ್ಕೆ ಆಗುವ ಉಪಯೋಗವನ್ನೂ ಮೊದಲೇ ತಿಳಿದಿರುವುದು ಉಚಿತ. ಬೇಸಿಗೆಯಲ್ಲಿ ಫಲ ಕೊಡುವ ತೆಂಗಿನ ಮರವೊಂದಕ್ಕೆ ನಾಲ್ಕು ದಿನಕ್ಕೊಮ್ಮೆ ಸುಮಾರು 200 ಲೀಟರು ಬೇಕು. 9,400 ಲೀಟರು 47 ಮರಗಳಿಗೆ ಸಾಕಾಗುವುದು. ಇಪ್ಪತ್ತೈದು ಅಡಿಯ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ 70 ಮರಗಳಿರುವುದರಿಂದ, ಒಂದು ಸರದಿಯ ನೀರು ಒಂದು ಎಕರೆಗೂ ಸಾಲದು. ನಾಲ್ಕು ಎಕರೆಯ ತೋಟಕ್ಕಾದರೆ ನಾಲ್ಕು ದಿನಕ್ಕೊಮ್ಮೆ ಆರು ಸಲ ಓಡಬೇಕು. ಆದಕಾರಣ ಇಂತಹ ಗಾಡಿಯು ಎಳೆಯ ಸಸಿಗಳನ್ನು ಉಳಿಸುವುದಕ್ಕೂ ದನಕರುಗಳಿಗೂ ಊರಿನ ಬಳಕೆಗೂ ಒದಗೀತೇ ಹೊರತು, ದೊಡ್ಡ ತೋಟಕ್ಕೆ ಬೇಸಾಯದ ನೀರನ್ನು ಪೂರೈಸಲಾರದು. ಇದನ್ನು ಒಪ್ಪಿದವರು ಮಾತ್ರ ಮುಂದಕ್ಕೆ ಹೋಗತಕ್ಕದ್ದು.

ಲಾರಿಯನ್ನು ನೋಡಲು ಹೋಗುವಾಗ ಹೊಸ ಬಣ್ಣಕ್ಕೆ ಮರುಳಾಗಬಾರದು. ಎಂಜಿನು ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದು. ಚಾಸಿಯು ಬಿರುಕು ಬಿಟ್ಟಿದ್ದರೆ ಆ ಗಾಡಿಯನ್ನು ಬಿಡುವುದೇ ಮೇಲು. ಉದ್ದನೆಯ ಎರಡು ಉಕ್ಕಿನ ತೊಲೆಗಳನ್ನು, ವಿಶೇಷವಾಗಿ ಪಟ್ಟಾಗಳು ನೇತುಬಿದ್ದಿರುವ ಜಾಗಗಳನ್ನು, ಮಣ್ಣು ಕೆರೆದು ದೀಪ ಹಿಡಿದು ಪರೀಕ್ಷಿಸಬೇಕು. ಅಲ್ಲಿ ತೇಪೆಯ ತಗಡಾಗಲಿ ಹಳೆಯ ಬೆಸುಗೆಯ ಗುರುತಾಗಲಿ ಕಂಡರೆ ಆ ಲಾರಿಯು ಹಿಂದೆ ಮಿತಿಮೀರಿ ಹೊತ್ತಿದೆಯೆಂಬ ಸಂಶಯಕ್ಕೆ ಎಡೆಯುಂಟು. ಚಾಸಿಯ ಮೇಲೆ ಕೊರೆದ ಸಂಖ್ಯೆಯು ಪುಸ್ತಕದಲ್ಲಿರುವುದರೊಡನೆ ಅಕ್ಷರಶಃ ಹೊಂದತಕ್ಕದ್ದು.

ತೊಟ್ಟಿಯನ್ನು ಕೂರಿಸುವಾಗ ನಡೆಯುವ ದೊಡ್ಡ ತಪ್ಪೂ ಈ ತೊಲೆಗಳಿಗೇ ಸಂಬಂಧಿಸಿದ್ದು. ಕೆಲಸವು ಬೇಗ ಮುಗಿಯಲೆಂದು ತೊಟ್ಟಿಯ ಕಾಲುಗಳನ್ನು ನೇರವಾಗಿ ಚಾಸಿಗೆ ಬೆಸೆದುಬಿಡುವವರುಂಟು. ಬೆಸುಗೆಯ ಶಾಖದಿಂದ ಉಕ್ಕಿನ ಗುಣವು ಆ ಜಾಗದಲ್ಲಿ ಕೆಟ್ಟು, ಹಳ್ಳದಿಣ್ಣೆಯ ದಾರಿಯಲ್ಲಿ ತೊಲೆಯು ತಿರುಚಿದಾಗ ಬಿರುಕು ಅಲ್ಲಿಂದಲೇ ಹೊರಡುವುದು. ತೊಲೆಯ ಮೇಲಂಚಿಗೆ ತೂತು ಕೊರೆಯುವುದೂ ಅಷ್ಟೇ ಅಪಾಯಕರ. ಸರಿಯಾದ ಕ್ರಮವೆಂದರೆ, ತೊಟ್ಟಿಗೆ ಪ್ರತ್ಯೇಕವಾದ ಚೌಕಟ್ಟನ್ನು ಮಾಡಿ, ಅದಕ್ಕೂ ಚಾಸಿಗೂ ನಡುವೆ ಗಟ್ಟಿ ಮರದ ಪಟ್ಟಿಯನ್ನಿಟ್ಟು, ಯೂ-ಬೋಲ್ಟುಗಳಿಂದ ಬಿಗಿಯುವುದು. ಬಿಗಿಯುವ ಕಡೆ ತೊಲೆಯ ಒಳಗೆ ಊರೆಯನ್ನು ಕೊಡದಿದ್ದರೆ ಅಂಚುಗಳು ಅಮುಕಿಹೋಗುವುವು. ಮೊದಲ ಕೆಲವು ದಿನಗಳ ಓಡಾಟದ ಬಳಿಕ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.

ನೀರು ಕಲ್ಲಿನಂತೆ ಸುಮ್ಮನೆ ಕೂರುವ ಸರಕಲ್ಲ. ಅರ್ಧ ತುಂಬಿದ ತೊಟ್ಟಿಯು ಪೂರ್ಣ ತುಂಬಿದುದಕ್ಕಿಂತಲೂ ಅಪಾಯಕರವೆಂದರೆ ಅನೇಕರು ನಂಬುವುದಿಲ್ಲ. ಬ್ರೇಕು ಒತ್ತಿದೊಡನೆ ಒಳಗಿನ ನೀರೆಲ್ಲವೂ ಮುಂದಕ್ಕೆ ನುಗ್ಗಿ ಗಾಡಿಯನ್ನು ತಳ್ಳುವುದು. ಇದನ್ನು ತಡೆಯಲು ತೊಟ್ಟಿಯೊಳಗೆ ತೂತುಗಳುಳ್ಳ ಅಡ್ಡ ತಗಡುಗಳನ್ನು ಹಾಕಿಸಬೇಕು. ಒಳಗನ್ನು ತೊಳೆಯುವುದಕ್ಕೆ ಆಳು ನುಸುಳುವಷ್ಟು ಕಂಡಿಯು ಅವುಗಳಲ್ಲಿರಬೇಕು. ಅಡ್ಡ ತಗಡುಗಳು ಮುಂದುಹಿಂದಿನ ನುಗ್ಗಾಟವನ್ನು ಮಾತ್ರ ತಗ್ಗಿಸುವುವು, ತಿರುವಿನಲ್ಲಿ ಪಕ್ಕಕ್ಕೆ ವಾಲುವ ನೀರನ್ನು ತಡೆಯಲಾರವು. ಆದುದರಿಂದ ಎತ್ತರದ ತೊಟ್ಟಿಗಿಂತ ತಗ್ಗಾಗಿ ಅಗಲವಾಗಿರುವ ಮೊಟ್ಟೆಯಾಕಾರದ ತೊಟ್ಟಿಯು ಮೇಲು. ಚಾಲಕನು ಕೂಡಿದಮಟ್ಟಿಗೆ ತುಂಬಿಸಿಯೋ ಬರಿದುಮಾಡಿಯೋ ಓಡಿಸುವುದನ್ನು ರೂಢಿಮಾಡಿಕೊಳ್ಳತಕ್ಕದ್ದು. ಮನೆಯ ಮಾಳಿಗೆಯ ಮೇಲಿಡುವ ಪ್ಲಾಸ್ಟಿಕ್ ತೊಟ್ಟಿಗಳನ್ನು ಲಾರಿಗೆ ಹಗ್ಗದಿಂದ ಬಿಗಿದು ಓಡಿಸುವ ಪದ್ಧತಿಯಂತೂ ಖಂಡಿತ ಕೂಡದು.

ಹೊಸ ತೊಟ್ಟಿಯ ಬದಲು ಹಳೆಯ ಎಣ್ಣೆಯ ತೊಟ್ಟಿಯನ್ನು ಗುಜರಿಯಿಂದ ತರುವವರೂ ಇದ್ದಾರೆ. ಪೆಟ್ರೋಲು ಅಥವಾ ಡೀಸೆಲು ತುಂಬಿದ್ದ ತೊಟ್ಟಿಯು ಬರಿದಾಗಿ ಕಂಡರೂ ಅದರೊಳಗೆ ಆವಿಯು ಉಳಿದಿರುವುದು. ಬೆಸುಗೆಯ ಕಿಡಿಯು ತಗುಲಿದರೆ ತೊಟ್ಟಿಯೇ ಸಿಡಿದು ಕೆಲಸಗಾರನು ಸಾಯುವ ಸಂಭವವುಂಟು. ರಾಸಾಯನಿಕಗಳನ್ನು ಸಾಗಿಸಿದ್ದ ತೊಟ್ಟಿಯಾದರೆ, ಎಷ್ಟು ತೊಳೆದರೂ ಜನರಿಗಾಗಲಿ ದನಗಳಿಗಾಗಲಿ ಕುಡಿಯುವ ನೀರಿಗೆ ಯೋಗ್ಯವಲ್ಲ. ಇಲ್ಲಿ ಉಳಿತಾಯವನ್ನು ನೋಡಬಾರದು.

ಕಾಗದಪತ್ರಗಳ ವಿಷಯವು ಬೇಸರದ್ದಾದರೂ ಬಿಡುವಂತಹದಲ್ಲ. 1988ನೆಯ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ, ನೋಂದಣಿ ಪುಸ್ತಕದಲ್ಲಿರುವ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮನಬಂದಂತೆ ಮಾರ್ಪಡಿಸಕೂಡದು. ಸರಕಿನ ಪೆಟ್ಟಿಗೆಯನ್ನು ಕಿತ್ತು ತೊಟ್ಟಿಯನ್ನು ಕೂರಿಸುವುದಕ್ಕೆ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಒಪ್ಪಿಗೆಯನ್ನು ಪಡೆದು, ಕೆಲಸ ಮುಗಿದ ಮೇಲೆ ಪುಸ್ತಕದಲ್ಲಿ ಬರೆಯಿಸಿ, ವಿಮೆಯ ಕಂಪನಿಗೂ ತಿಳಿಸಬೇಕು. ಹಾಗೆ ಮಾಡದ ಗಾಡಿಯು ಅಪಘಾತಕ್ಕೆ ಸಿಕ್ಕಿದರೆ ಪರಿಹಾರದ ವಿಷಯದಲ್ಲಿ ತಕರಾರು ಹುಟ್ಟುವುದು. ಎಂಟು ವರ್ಷ ಮೀರಿದ ಸಾರಿಗೆ ವಾಹನಕ್ಕೆ ಅರ್ಹತಾ ಪತ್ರವನ್ನು ವರ್ಷವರ್ಷವೂ ಪಡೆಯಬೇಕಾಗಿರುವುದರಿಂದ ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯುವುದು ವಿಹಿತ. ಹಳೆಯ ಸಾಲವು ತೀರಿದ್ದಕ್ಕೆ 35ನೆಯ ನಮೂನೆಯನ್ನೂ, ಮಾಲಿಕತ್ವದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳನ್ನೂ ಮಾರುವವನಿಂದ ಹಣ ಕೊಡುವ ಮುಂಚೆಯೇ ರುಜು ಹಾಕಿಸಿಕೊಳ್ಳುವುದು ಕ್ಷೇಮ.

ಗ್ರಾಮ ಪಂಚಾಯಿತಿಯ ಹೆಸರಿನಲ್ಲಿ ಕೊಳ್ಳಬೇಕೆಂದಿರುವ ಮುಖಂಡರು ಇನ್ನೊಂದು ಸಂಗತಿಯನ್ನು ಗಮನಿಸತಕ್ಕದ್ದು. 2023ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದ ಪ್ರಕಾರ, ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ವಾಹನಗಳ ನೋಂದಣಿಯು ಹದಿನೈದು ವರ್ಷಗಳಿಗೆ ಮುಗಿದುಹೋಗುವುದು. ಹದಿಮೂರು ವರ್ಷದ ಲಾರಿಯನ್ನು ಕೊಂಡು ತೊಟ್ಟಿಗೆ ಹಣ ಸುರಿದರೆ, ಊರಿಗೆ ಅದರಿಂದ ದೊರಕುವುದು ಎರಡೇ ಬೇಸಿಗೆ.