ಫೇಟಿಯಾಗೆ ಎಷ್ಟು ತೂಕದ ಬಟ್ಟೆ ಬೇಕು?

ಲಂಗ ಹೊಲಿಸೋಕೆ ಹೋದರೆ ಎಲ್ಲರೂ ಕೇಳೋದು ಎಷ್ಟು ಮೀಟರ್ ಬೇಕು ಅಂತ. ಎಷ್ಟು ತೂಕದ ಬಟ್ಟೆ ಬೇಕು ಅಂತ ಯೋಚಿಸಿದವರನ್ನು ನಾನು ನೋಡಿದ್ದು ಇಬ್ಬರನ್ನೇ. ಒಬ್ಬಳು ಸಂಡೂರು ಹತ್ತಿರದ ತಾಂಡಾದಲ್ಲಿರುವ ನಮ್ಮ ಯಾಡಿ. ನಮ್ಮ ಮಾತಿನಲ್ಲಿ ಯಾಡಿ ಅಂದ್ರೆ ಅಮ್ಮ. ಇನ್ನೊಬ್ಬ ಎಡಿನ್‌ಬರೋದಲ್ಲಿ ಕೂತು ನಮ್ಮ ಟೀಮಿಗೆ ಕೆಲಸ ಮಾಡುವ ಸಹೋದ್ಯೋಗಿ. ಅವನಿಗೆ ತನ್ನ ಮದುವೆಗೆ ಕಿಲ್ಟ್ ಆಗಬೇಕಿತ್ತು. ಯಾಡಿಗೆ ನನ್ನ ತಂಗಿಯ ಮದುವೆಗೆ ಫೇಟಿಯಾ.

ಫೇಟಿಯಾ ಅಂದರೆ ಲಂಬಾಣಿ ಹೆಂಗಸರ ಘೇರಿನ ಲಂಗ. ಹಂಪಿಗೆ ಹೋದವರು ನೋಡಿರ್ತೀರಿ: ಮೇಲೆ ಕಾಂಚಳಿ, ಕೆಳಗೆ ಕನ್ನಡಿ ಚೂರು, ಕವಡೆ, ಬಣ್ಣದ ದಾರ ತುಂಬಿದ ದೊಡ್ಡ ನೆರಿಗೆಯ ಲಂಗ. ಹೊಲಿಗೆ ಎಲ್ಲ ಕೈಯಲ್ಲೇ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಅದರಲ್ಲಿ ಕೀಲಣ್, ವೇಲೆ, ಬಕ್ಯಾ, ಮಕಿ, ನಾಕ್ರಾ ಅಂತ 14 ಬಗೆಯ ಹೊಲಿಗೆ ಇವೆ. ತಂಗಿಯ ಫೇಟಿಯಾಗೆ ಯಾಡಿ ಹಾಕಿಕೊಂಡ ಲೆಕ್ಕ ಆರು ತಿಂಗಳು. ಅವಳ ಒಂದು ಕಣ್ಣಿಗೆ ಪೊರೆ ಬರ್ತಿದೆ. "ದೊಡ್ಡ ಕೆಲಸ ಇದೊಂದೇ ಮಾಡ್ತೀನಿ, ಆಮೇಲೆ ಚೀಲ, ದಿಂಬಿನ ಕವರು ಅಷ್ಟೇ" ಅಂದುಬಿಟ್ಟಿದ್ದಾಳೆ. ಬಟ್ಟೆ ಕೈಕೊಟ್ಟರೆ ಮತ್ತೊಂದು ಸಲ ಮಾಡಿಸೋಣ ಅನ್ನೋ ಹಾಗಿಲ್ಲ. ಹಾಗಾಗಿ ಈ ಸಲ ಬಟ್ಟೆ ವಿಷಯದಲ್ಲಿ ನಾನೂ ಕೈ ಹಾಕಿದೆ, ಎಕ್ಸೆಲ್ ಶೀಟ್ ಸಮೇತ.

ಮೊದಲು ಲೆಕ್ಕ. ಬಟ್ಟೆಯ ತೂಕವನ್ನು ಜಿಎಸ್‌ಎಂ ಅಂತ ಅಳೀತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅಂತ. ನೀವು ಆನ್‌ಲೈನಲ್ಲಿ ತರಿಸೋ ಟೀ ಶರ್ಟಿನ ವಿವರದಲ್ಲಿ 180 ಅಂತ ಇರುತ್ತಲ್ಲ, ಅದೇ. ತೆಳು ಮಲ್ ಬಟ್ಟೆ 60ರಿಂದ 80. ಶರ್ಟಿನ ಪಾಪ್ಲಿನ್ 100ರ ಮೇಲೆ. ಜೀನ್ಸ್ 350ರಿಂದ 450. ಘೇರು ಚೆನ್ನಾಗಿ ಬರಬೇಕು ಅಂದರೆ ನಮ್ಮ ಲೆಕ್ಕದಲ್ಲಿ 44 ಇಂಚು ಪನ್ನಾದ ಬಟ್ಟೆ 6 ಮೀಟರ್ ಬೇಕು. ಅದು ಸುಮಾರು 6.7 ಚದರ ಮೀಟರ್. ಬಟ್ಟೆ 80 ಜಿಎಸ್‌ಎಂ ಆದರೆ ಲಂಗ ಅರ್ಧ ಕೆಜಿ ಚಿಲ್ಲರೆ, 150 ಆದರೆ 1 ಕೆಜಿ, 250 ಆದರೆ 1.7 ಕೆಜಿ. ಇದು ಬರೀ ಬಟ್ಟೆ. ಕನ್ನಡಿ, ದಾರ, ಅಸ್ತರ, ಲಾಡಿ ಇನ್ನೂ ಬಂದಿಲ್ಲ.

ಎಡಿನ್‌ಬರೋದವನಿಗೆ ಇದನ್ನು ಹೇಳಿದಾಗ ಅವನು ನಕ್ಕ. ಅವರಲ್ಲಿ ಕಿಲ್ಟ್ ಹೊಲಿಯುವವರು ಬಣ್ಣ ಕೇಳೋ ಜೊತೆಗೇ ತೂಕವನ್ನೂ ಕೇಳ್ತಾರಂತೆ. ಗಜಕ್ಕೆ ಇಷ್ಟು ಔನ್ಸ್ ಅಂತ ಲೆಕ್ಕ: 10ರ ಆಸುಪಾಸು ಹಗುರ, 13 ಮಧ್ಯಮ, 16 ಭಾರ. ಸಾಂಪ್ರದಾಯಿಕ ಕಿಲ್ಟಿಗೆ 8 ಗಜ ಬಟ್ಟೆ ಅಂತಾರೆ. ಅಗಲ ಪನ್ನಾದ ಟಾರ್ಟನ್ ಉಣ್ಣೆ ಬಟ್ಟೆ 4 ಗಜ ತಗೊಂಡು ಉದ್ದಕ್ಕೆ ಎರಡು ಸೀಳು ಮಾಡಿ ಜೋಡಿಸ್ತಾರೆ. 16 ಔನ್ಸಿನದು ತಗೊಂಡರೆ ಬಟ್ಟೆಯೇ 1.8 ಕೆಜಿ ಆಯ್ತು. ನಮ್ಮ ಅಳತೆಯಲ್ಲಿ ಸುಮಾರು 340 ಜಿಎಸ್‌ಎಂ. ಇಷ್ಟು ಭಾರ ಯಾಕೆ ಅಂದರೆ ನೆರಿಗೆ. ಭಾರದ ಬಟ್ಟೆಯ ನೆರಿಗೆ ನಡೆದಾಗ ಬೀಸುತ್ತೆ, ನಿಂತಾಗ ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತೆ. ಹಗುರ ಬಟ್ಟೆಯದು ಗಾಳಿ ಎತ್ತ ಹೇಳಿದರೆ ಅತ್ತ.

ಆದರೆ ಅವರದು ಸ್ಕಾಟ್ಲೆಂಡಿನ ಚಳಿ, ನಮ್ಮದು ಮೇ ತಿಂಗಳಲ್ಲಿ ಕಂಪ್ಲಿಯಲ್ಲಿ ಮದುವೆ. ತುಂಗಭದ್ರೆ ಪಕ್ಕದಲ್ಲೇ ಇದ್ದರೂ ಬಿಸಿಲು 40 ಡಿಗ್ರಿ ಮುಟ್ಟುತ್ತೆ. ಇಂಜಿನಿಯರಿಂಗ್ ಓದುವಾಗ ಕಾಲೇಜು ಫಂಕ್ಷನ್ನಿಗೆ ಯಾಡಿಯ ಹಳೇ ಫೇಟಿಯಾ ಉಟ್ಟಿದ್ದೆ. ಕುಣಿಯುವಾಗ ಖುಷಿ, ಸಂಜೆ ಬಿಚ್ಚಿದಾಗ ಸೊಂಟದ ಸುತ್ತ ಲಾಡಿಯ ಕೆಂಪು ಬರೆ. ತಂಗಿ ಹೊಸಪೇಟೆಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಳೆ. ಮದುವೆ ದಿನ ಉಟ್ಟು ಟ್ರಂಕಿಗೆ ಹಾಕೋ ಬಟ್ಟೆ ಅವಳಿಗೆ ಬೇಡ, ಹಬ್ಬಕ್ಕೂ ಉಡಬೇಕು. ಅವಳ ಆಸೆ ಮಲ್ ಬಟ್ಟೆ, ಯಾಡಿಯ ಹಟ ದಪ್ಪ ಕೈಮಗ್ಗ. ಮಧ್ಯೆ ನಾನು.

ಹೊಸಪೇಟೆಯಲ್ಲಿ ಮೂರು ಅಂಗಡಿ ಸುತ್ತಿದೆವು. ಯಾಡಿ ಬಟ್ಟೆ ನೋಡೋ ರೀತಿ ನೋಡಬೇಕು ನೀವು. ಥಾನಿನಿಂದ ಒಂದು ತುದಿ ಎಳೆದು ಬೆಳಕಿಗೆ ಹಿಡೀತಾಳೆ: ನೂಲು ಒಂದೇ ಸಮ ಇದೆಯಾ, ನಡುವೆ ಕಿಂಡಿ ಇದೆಯಾ. ಆಮೇಲೆ ಸೂಜಿ ತೆಗೆದು ಚುಚ್ಚಿ ನೋಡ್ತಾಳೆ. (ಅಂಗಡಿಯವರ ಮುಖ ನೋಡಬೇಕಿತ್ತು!) ತುಂಬ ಒತ್ತಾಗಿ ನೇಯ್ದ ಪಾಪ್ಲಿನ್‌ನಲ್ಲಿ ದಪ್ಪ ದಾರ ಸಲೀಸಾಗಿ ಹೋಗಲ್ಲ, ಪ್ರತಿ ಸಲ ಎಳೀಬೇಕು, ಬೆರಳು ನೋಯುತ್ತೆ. ತುಂಬ ಸಡಿಲ ಇದ್ದರೆ ಕನ್ನಡಿಯ ಸುತ್ತ ನೂಲು ಜರುಗುತ್ತೆ. ಒರಟಾದ ಸಾದಾ ನೇಯ್ಗೆಯಲ್ಲಿ ನೂಲು ಎಣಿಸಿಕೊಂಡು ಹೊಲಿಯಬಹುದು, ಪೆನ್ಸಿಲ್ ಗೆರೆ ಬೇಕಿಲ್ಲ. ಕಣ್ಣು ಮಂಜಾದವಳಿಗೆ ಬೆರಳಿಗೆ ಸಿಗೋ ನೂಲು ಎಷ್ಟು ಮುಖ್ಯ ಅಂತ ನನಗೆ ಗೊತ್ತಾಗಿದ್ದು ಅಲ್ಲೇ. ಇದನ್ನು ಯಾವ ಜಿಎಸ್‌ಎಂ ನಂಬರೂ ಹೇಳಲ್ಲ. ಹಾಗೆ ನೋಡಿದರೆ ಬಟ್ಟೆ ಹೇಗೆ ಇಳಿಯುತ್ತೆ ಅನ್ನೋದನ್ನೂ ಅದು ಪೂರ್ತಿ ಹೇಳಲ್ಲ. ಕ್ಯಾನ್ವಾಸ್ ಭಾರ ಇದೆ, ಆದರೆ ಲಂಗ ಮಾಡಿದರೆ ಟಾರ್ಪಾಲಿನ ಹಾಗೆ ನಿಲ್ಲುತ್ತೆ. ಒಂದು ಮೀಟರ್ ಬಟ್ಟೆಯನ್ನು ಕೈಯಲ್ಲಿ ನೆರಿಗೆ ಹಿಡಿದು, ಸೊಂಟದ ಎತ್ತರದಿಂದ ಕೆಳಗೆ ಬಿಟ್ಟು ನೋಡಿ. ನೆರಿಗೆ ನೆಟ್ಟಗೆ ಇಳಿದರೆ ಸರಿ, ಹೊರಗೆ ಬಾಗಿ ನಿಂತರೆ ಬೇಡ.

ಇನ್ನು ಗಂಜಿ. ಅಂಗಡಿಯಲ್ಲಿ ಗಟ್ಟಿ, ಭಾರ ಅನಿಸೋ ಬಟ್ಟೆಯಲ್ಲಿ ಎಷ್ಟೋ ಸಲ ಅರ್ಧ ಗಟ್ಟಿತನ ಗಂಜಿಯದು. ಎರಡು ಕೈಯಲ್ಲಿ ಜೋರಾಗಿ ಉಜ್ಜಿದರೆ ಬಿಳಿ ಪುಡಿ ಉದುರುತ್ತೆ. ಅಷ್ಟಕ್ಕೆ ನಂಬಿಕೆ ಬರಲಿಲ್ಲ ಅಂದರೆ ಅರ್ಧ ಮೀಟರ್ ಮಾತ್ರ ತಗೊಂಡು ಮನೆಗೆ ತನ್ನಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. 44 ಇಂಚು ಪನ್ನಾದಲ್ಲಿ ಅರ್ಧ ಮೀಟರ್ ಅಂದರೆ 0.56 ಚದರ ಮೀಟರ್. ಗ್ರಾಂ ಅನ್ನು ಅದರಿಂದ ಭಾಗಿಸಿ. ನಾವು ತಂದ ಒಂದು ಪೀಸ್ 105 ಗ್ರಾಂ ಇತ್ತು, ಅಂದರೆ 187 ಜಿಎಸ್‌ಎಂ. ರಾತ್ರಿಯಿಡೀ ನೆನೆಸಿ, ತೊಳೆದು, ಪೂರ್ತಿ ಒಣಗಿಸಿದ ಮೇಲೆ 84 ಗ್ರಾಂ. 21 ಗ್ರಾಂ ಬಚ್ಚಲು ಪಾಲು.

ಅದೇ ನೆನೆಸುವಾಗ ಇನ್ನೊಂದು ಪರೀಕ್ಷೆನೂ ಮುಗಿಯುತ್ತೆ. ಬಟ್ಟೆ ಮೇಲೆ ಮೊದಲೇ 25 ಸೆಂ.ಮೀ.ಗೆ ಅಳಿಸದ ಪೆನ್ನಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಗುರುತು ಹಾಕಿ, ಒಣಗಿದ ಮೇಲೆ ಮತ್ತೆ ಅಳೆಯಿರಿ. ಹತ್ತಿ ಬಟ್ಟೆ 5% ಕುಗ್ಗಿದರೆ 6 ಮೀಟರಲ್ಲಿ 30 ಸೆಂ.ಮೀ. ಹೋಯ್ತು. ಅದು ಹೋಗಲಿ, ನಷ್ಟ ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಕಸೂತಿ ಆದ ಮೇಲೆ ಬಟ್ಟೆ ಕುಗ್ಗಿದರೆ ಕನ್ನಡಿ ಅದರ ಜೊತೆ ಕುಗ್ಗಲ್ಲ! ಪ್ರತಿ ಕನ್ನಡಿ ಸುತ್ತ ಸುಕ್ಕು ಬೀಳುತ್ತೆ, ಅದನ್ನು ಇಸ್ತ್ರಿ ಹಾಕಿ ತೆಗೆಯೋಕಾಗಲ್ಲ. ಬಣ್ಣದ್ದೂ ಹಾಗೇ. ಕೆಂಪು, ನೀಲಿ ಬಟ್ಟೆಯನ್ನು ಒದ್ದೆ ಬಿಳಿ ಕರ್ಚೀಫಿನಿಂದ ತಿಕ್ಕಿ ನೋಡದೆ ಬಿಳಿ ದಾರ ಹಾಕಬೇಡಿ.

ಪಾಲಿಯೆಸ್ಟರ್ ಮಿಶ್ರಣ ಇದೆಯಾ ಅಂತ ಅನುಮಾನ ಬಂದರೆ ನಾಲ್ಕು ಎಳೆ ನೂಲು ಕಿತ್ತು ಸ್ಟೀಲ್ ತಟ್ಟೆ ಮೇಲೆ ಸುಡಿ. ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ. ಮಿಶ್ರಣ ಕುಗ್ಗೋದು ಕಡಿಮೆ, ಬಣ್ಣನೂ ನಿಲ್ಲುತ್ತೆ, ಒಪ್ತೀನಿ. ಚೀಲಕ್ಕೆ, ಗೋಡೆಗೆ ಹಾಕೋದಕ್ಕೆ ಆಗಬಹುದು. ನಮ್ಮ ಸೀಮೆಯ ಬಿಸಿಲಲ್ಲಿ ಆರು ಮೀಟರ್ ಸುತ್ತಿಕೊಂಡು ಓಡಾಡೋಕೆ ನನ್ನ ಓಟು ಇಲ್ಲ.

ಹಂಪಿಗೆ ಬರೋ ಪ್ರವಾಸಿಗಳು ಲಂಬಾಣಿ ಅಂತ ಮೆಷಿನ್ ಹೊಲಿಗೆಯ ತೆಳು ಲಂಗ ಕೊಂಡು ಹೋಗೋದನ್ನು ನೋಡಿದಾಗ ಬೇಜಾರಾಗುತ್ತೆ, ಆದರೆ ಅವರನ್ನು ಬೈಯಲ್ಲ. ಕೈಕೆಲಸ ಯಾವುದು ಅಂತ ಹೇಳಿಕೊಟ್ಟವರು ಯಾರು? 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನಿಸ್ ದಾಖಲೆಗೆ ಸೇರಿತು. ಆ ಕೈಗಳ ಕೆಲಸ ಕೊಳ್ಳೋಕೆ ಹೋದಾಗ ಲಂಗದ ಒಳಮಗ್ಗುಲು ತಿರುಗಿಸಿ ನೋಡಿ. ಕೈಹೊಲಿಗೆಯಲ್ಲಿ ಸಣ್ಣ ಏರುಪೇರು, ದಾರ ಮುಗಿಸಿದ ಜಾಗ ಕಾಣುತ್ತೆ. ಮೆಷಿನಿನದು ಒಳಗೂ ಒಂದೇ ಅಳತೆ.

ಕೊನೆಗೆ ನಾವು ತಗೊಂಡಿದ್ದು ತೊಳೆದ ಮೇಲೆ 160 ಜಿಎಸ್‌ಎಂ ಬಂದ ಕೈಮಗ್ಗದ ಹತ್ತಿ, ಕಡು ಕೆಂಪು. ಇದು ಮಲ್‌ಗಿಂತ ಮೀಟರಿಗೆ 60 ರೂಪಾಯಿ ಜಾಸ್ತಿ, 6 ಮೀಟರಿಗೆ 360. ಒಂದು ಊಟದ ಆರ್ಡರಿನ ದುಡ್ಡು; ಮೇಲೆ ಕೂರೋದು ಆರು ತಿಂಗಳ ಕೆಲಸ. ತಂಗಿಯ ಮಾತಿಗೂ ಬೆಲೆ ಸಿಕ್ಕಿತು. ಇಡೀ ಲಂಗಕ್ಕೆ ಅಸ್ತರ ಬೇಡ, ಕಸೂತಿ ಇರೋ ಕಡೆ ಹಿಂದೆ ಮಾತ್ರ ಪಟ್ಟಿ ಅಂತ ಯಾಡಿ ಒಪ್ಪಿದಳು. ಹೆಚ್ಚಿನ ಕನ್ನಡಿ ಕೆಳಗಿನ ಅಂಚಿಗೆ. ಅಲ್ಲಿ ಭಾರ ಇದ್ದರೆ ಮಧ್ಯಮ ತೂಕದ ಬಟ್ಟೆಯ ನೆರಿಗೆಯೂ ನೆಟ್ಟಗೆ ಇಳಿಯುತ್ತೆ. ಸೊಂಟಕ್ಕೆ ಸಣ್ಣ ಲಾಡಿ ಬದಲು ಎರಡು ಇಂಚಿನ ಅಗಲ ಪಟ್ಟಿ, ಭಾರ ಒಂದೇ ಗೆರೆ ಮೇಲೆ ಬೀಳದ ಹಾಗೆ.

ಅಂಚಿನ ಎರಡು ಸಾಲು ಈಗ ಮುಗಿದಿವೆ. ಹಗಲು ಬೆಳಕಲ್ಲಿ ಮಾತ್ರ ಹೊಲೀಬೇಕು ಅಂತ ಕರಾರು ಮಾಡಿಸಿದ್ದೀನಿ, ರಾತ್ರಿ ಫೋನ್ ಮಾಡಿದಾಗ ಪಕ್ಕದಲ್ಲಿ ಸೂಜಿ ಡಬ್ಬಿಯ ಸದ್ದು ಕೇಳುತ್ತೆ. ಬಟ್ಟೆ ತಗೊಳ್ಳುವಾಗ ಅರ್ಧ ಮೀಟರ್ ಜಾಸ್ತಿ ತಗೊಂಡಿದ್ದೆವು, ಅದೇ ಥಾನಿನಿಂದ. ಕೈಮಗ್ಗದಲ್ಲಿ ಮುಂದಿನ ಥಾನಿನ ಬಣ್ಣ ಇದೇ ಇರುತ್ತೆ ಅನ್ನೋ ಭರವಸೆ ಇಲ್ಲ. ಹತ್ತು ವರ್ಷ ಆದ ಮೇಲೆ ತೇಪೆ ಹಾಕೋಕೋ, ಸೊಂಟ ಬಿಡಿಸೋಕೋ ಬೇಕಾದೀತು ಅಂತ ಅದನ್ನೂ ತೊಳೆದು, ಮಡಚಿ, ಟ್ರಂಕಿನಲ್ಲಿ ಇಟ್ಟಿದ್ದಾಳೆ.