ಹುಳಿ ಸೇಬು, ತಣ್ಣನೆ ಬೆಣ್ಣೆ

ಆಗಸ್ಟ್ ಬಂತೆಂದರೆ ನಮ್ಮ ಹಣ್ಣಿನಂಗಡಿಗಳಲ್ಲಿ ಶಿಮ್ಲಾ ಸೇಬಿನ ಪೆಟ್ಟಿಗೆಗಳು ತೆರೆದುಕೊಳ್ಳುತ್ತವೆ. ಅದರಲ್ಲಿ ಬಹುಪಾಲು ಡೆಲಿಷಿಯಸ್ ವಂಶದ್ದು. ತವರು ಅಮೆರಿಕದ ಅಯೋವಾ. ಫಿಲಡೆಲ್ಫಿಯಾದಿಂದ ಬಂದು ಹಿಮಾಚಲದಲ್ಲೇ ನೆಲೆನಿಂತ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಗಿಡ ತರಿಸಿ ಕೋಟಗಢದಲ್ಲಿ ನೆಟ್ಟರು. ತಮಾಷೆಯೆಂದರೆ, ಆಪಲ್ ಪೈ ಎಂದರೆ ಪ್ರಾಣ ಬಿಡುವ ದೇಶದಿಂದ ನಮಗೆ ಬಂದದ್ದು ಪೈಗೆ ಅಷ್ಟಾಗಿ ಒಗ್ಗದ ಸೇಬು. ಹಾಗೇ ಕಚ್ಚಿ ತಿನ್ನಲು ಸೊಗಸು. ಬೇಯಿಸಿದರೆ ಮುದ್ದೆ, ಹುಳಿಯೂ ಸಾಲದು.

ಪೈಯನ್ನು ಅಮೆರಿಕದವರು ತಮ್ಮದೆಂದು ಬೀಗಿದರೂ ಅದು ಇಂಗ್ಲೆಂಡಿನಿಂದ ಹೋದದ್ದು. ಅಲ್ಲಿನ 1381ರ ಒಂದು ಪಾಕವಿಧಿ ಸೇಬಿನ ಜೊತೆ ಅಂಜೂರ, ಒಣದ್ರಾಕ್ಷಿ, ಪಿಯರ್ ಹಣ್ಣು ಜಜ್ಜಿ, ಕೇಸರಿ ಬಣ್ಣ ಕೊಟ್ಟು, ಹಿಟ್ಟಿನ ಕವಚದೊಳಗಿಟ್ಟು ಬೇಯಿಸಲು ಹೇಳುತ್ತದೆ. ಸಕ್ಕರೆಯ ಮಾತೇ ಇಲ್ಲ. 1796ರಲ್ಲಿ ಅಮೀಲಿಯಾ ಸಿಮನ್ಸ್ ಬರೆದ ‘ಅಮೆರಿಕನ್ ಕುಕರಿ’ಯ ಹೊತ್ತಿಗೆ ಅದು ಹೊಸ ನಾಡಿನ ಮನೆಯಡುಗೆಯಾಗಿತ್ತು.

ಇಂಗ್ಲೆಂಡಿನವರ ಮೆಚ್ಚಿನ ಪೈ ಸೇಬು ಬ್ರಾಮ್ಲಿ. 1809ರಲ್ಲಿ ಸೌತ್‌ವೆಲ್ ಊರಿನ ಮೇರಿ ಆ್ಯನ್ ಬ್ರೇಲ್ಸ್‌ಫೋರ್ಡ್ ಎಂಬ ಹುಡುಗಿ ಬೀಜ ಹಾಕಿದಳು. ಮುಂದೆ ಆ ಮನೆ ಕೊಂಡ ಕಟುಕ ಬ್ರಾಮ್ಲಿಯ ಹೆಸರು ಹಣ್ಣಿಗೆ ನಿಂತಿತು. ಅನ್ಯಾಯವೇ ಸರಿ! ಅದು ನಮ್ಮಲ್ಲಿ ಸಿಗದು. ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುವ ಹಸಿರು ಗ್ರಾನಿ ಸ್ಮಿತ್ ಸಾಕು. ಹುಳಿ ಇದೆ, ಬೆಂದರೂ ಹೋಳು ಹೋಳಾಗಿಯೇ ಉಳಿಯುತ್ತದೆ. ಶಿಮ್ಲಾ ಸೇಬೇ ಗತಿಯೆಂದರೆ ಗಟ್ಟಿಯಾದದ್ದನ್ನು ಆರಿಸಿ, ನಿಂಬೆರಸ ಧಾರಾಳವಾಗಿ ಹಿಂಡಿ, ಸಕ್ಕರೆ ತಗ್ಗಿಸಿ.

ಆದರೆ ಪೈ ಗೆಲ್ಲುವುದೂ ಸೋಲುವುದೂ ಹೊರಗಿನ ಕವಚದಲ್ಲಿ. ಒಂಬತ್ತು ಅಂಗುಲದ ತಟ್ಟೆಗೆ 300 ಗ್ರಾಂ ಮೈದಾ, 200 ಗ್ರಾಂ ಬೆಣ್ಣೆ. ಬೆಣ್ಣೆ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಿರಬೇಕು. ಚಿಕ್ಕ ಚೌಕಗಳಾಗಿ ಕತ್ತರಿಸಿ, ಮೈದಾದಲ್ಲಿ ಬೆರಳ ತುದಿಯಿಂದ ಉದುರಿಸಿ. ಬಟಾಣಿ ಗಾತ್ರದ ತುಣುಕುಗಳು ಅಲ್ಲಲ್ಲಿ ಕಾಣುತ್ತಿರಲಿ. ಚಿರೋಟಿಗೆ ನಾವು ಪದರದ ನಡುವೆ ಸಾಟಿ ಸವರುತ್ತೇವಲ್ಲ, ಆ ಕೆಲಸವನ್ನು ಇಲ್ಲಿ ಈ ತುಣುಕುಗಳೇ ಮಾಡುತ್ತವೆ. ಓವನ್ನಿನ ಕಾವಿಗೆ ಬೆಣ್ಣೆ ಕರಗಿ, ಅದರೊಳಗಿನ ನೀರು ಆವಿಯಾಗಿ ಹಿಟ್ಟನ್ನು ಎತ್ತುತ್ತದೆ, ಪದರ ಬಿಡಿಸುತ್ತದೆ. ಬೆಣ್ಣೆ ಮೊದಲೇ ಕರಗಿ ಹಿಟ್ಟಿಗೆ ಸೇರಿಹೋದರೆ ಪದರ ಏಳುವುದಿಲ್ಲ. ಐಸ್ ನೀರನ್ನು ಚಮಚ ಚಮಚವಾಗಿ ಚಿಮುಕಿಸಿ, ಹಿಟ್ಟು ಒಟ್ಟಾಗುತ್ತಿದ್ದಂತೆ ಕೈ ತೆಗೆಯಿರಿ. ನಾದಿದಷ್ಟೂ ಒಳ್ಳೆಯದೆಂಬ ನಮ್ಮ ಅಡುಗೆಮನೆಯ ಪಾಠ ಇಲ್ಲಿ ತಿರುಗುಮುರುಗು: ನಾದಿದರೆ ಮೈದಾದ ಅಂಟು ಬಲಿತು ಕವಚ ಚಿವುಟಲೂ ಬಾರದಂತಾಗುತ್ತದೆ. ಎರಡು ಉಂಡೆ ಮಾಡಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಈ ಸಾಹಸ ಬೇಡ, ಬೆಳಗ್ಗೆಯೇ ಮುಗಿಸಿ.

ಒಂದು ಕಿಲೋ ಸೇಬು ಹೆಚ್ಚಿ, ಸಕ್ಕರೆ, ಚಕ್ಕೆ ಪುಡಿ, ಎರಡು ಚಮಚ ಕಾರ್ನ್‌ಫ್ಲೋರ್ ಕಲಸಿ. ಒಂದು ಉಂಡೆ ಲಟ್ಟಿಸಿ ತಟ್ಟೆಗೆ ಹಾಸಿ, ಸೇಬು ತುಂಬಿ, ಇನ್ನೊಂದನ್ನು ಲಟ್ಟಿಸಿ ಮುಚ್ಚಿ, ಅಂಚು ಒತ್ತಿ. ಆವಿ ಹೋಗಲು ಮೇಲೆ ನಾಲ್ಕು ಸೀಳು ಕೊಡಿ. ಮೊಟ್ಟೆ ಬೇಡದವರು ಹಾಲು ಸವರಿದರೂ ಬಣ್ಣ ಬರುತ್ತದೆ. 200 ಡಿಗ್ರಿಯಲ್ಲಿ 20 ನಿಮಿಷ, ಆಮೇಲೆ 180ರಲ್ಲಿ ಇನ್ನು 40 ನಿಮಿಷ. ಸೀಳುಗಳಲ್ಲಿ ರಸ ಕೊತಕೊತ ಕುದಿಯುವುದು ಕಾಣಬೇಕು. ಕಷ್ಟದ ಘಟ್ಟ ಇನ್ನು ಮುಂದಿದೆ: ಮನೆಯೆಲ್ಲ ಘಮಘಮಿಸಿದರೂ ಎರಡು ಮೂರು ಗಂಟೆ ಮುಟ್ಟಬಾರದು. ಬಿಸಿಯಲ್ಲೇ ಕೊಯ್ದರೆ ರಸ ಹರಿದು ತಟ್ಟೆಯ ಪಾಲು.

ಅಮೆರಿಕದ ವರ್ಮಾಂಟ್ ರಾಜ್ಯ 1999ರಲ್ಲಿ ಆಪಲ್ ಪೈಯನ್ನು ರಾಜ್ಯದ ಪೈ ಎಂದು ಕಾನೂನನ್ನೇ ಮಾಡಿತು. ತಣ್ಣನೆ ಹಾಲು, ಕನಿಷ್ಠ ಅರ್ಧ ಔನ್ಸ್ ಚೆಡ್ಡರ್ ಚೀಸ್ ಅಥವಾ ವೆನಿಲಾ ಐಸ್‌ಕ್ರೀಂ ಜೊತೆ ಬಡಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸಬೇಕಂತೆ. ಚೀಸ್ ಅವರಿಗೇ ಇರಲಿ; ನಮ್ಮ ನಾಲಿಗೆಗೆ ಐಸ್‌ಕ್ರೀಮೇ ಸರಿ.